ನೇರಳೆ ದಾರದ ಗಂಟು

ಕೋರ್ಟು ಎಂದರೆ ಕಟಕಟೆ, ಕರಿಕೋಟು, ಸುತ್ತಿಗೆ ಎಂದೇ ದೊಡ್ಡಕ್ಕ ತಿಳಿದುಕೊಂಡಿದ್ದಳು. ಹೋಟೆಲೊಂದರ ಮೂರನೇ ಮಹಡಿಗೆ ಕರೆತಂದು, ಉದ್ದನೆಯ ಮೇಜು, ನೀರಿನ ಬಾಟಲಿ, ಬಿಸ್ಕತ್ತಿನ ತಟ್ಟೆ ತೋರಿಸಿ "ಇದೇ" ಎಂದಾಗ ಅವಳಿಗೆ ಮೋಸಹೋದಂತೆ ಆಯಿತು. ಇದಕ್ಕಾಗಿ ಒಂದು ವಾರದಿಂದ ನಿದ್ದೆಗೆಟ್ಟಿದ್ದಳಲ್ಲ.

"ಇದು ಮೀಟಿಂಗು ಕಣೇ ಪುಟ್ಟಿ. ಕೋರ್ಟು ಎಲ್ಲಿ?"

"ಕೋರ್ಟಲ್ಲ ಅತ್ತೆ, ಮಧ್ಯಸ್ಥಿಕೆ," ಎಂದಳು ಪುಟ್ಟಿ. ದೊಡ್ಡಕ್ಕನ ತಮ್ಮನ ಮಗಳು, ವಕೀಲೆ. ದೊಡ್ಡಕ್ಕ ಕೆಲಸ ಮಾಡುವ ಡೇರೆ ಕಾರ್ಖಾನೆಯ ಪರ ವಾದ ಮಾಡುವವಳು ಅವಳೇ. "ಅವರದ್ದೊಂದು ದೇಶ, ನಮ್ಮದೊಂದು. ನಮ್ಮ ಕೋರ್ಟಿಗೆ ಅವರು ಬರಲ್ಲ, ಅವರ ಕೋರ್ಟಿಗೆ ನಾವು ಹೋಗಲ್ಲ. ಜಗಳ ಬಂದ್ರೆ ಮೂರು ಜನರ ಮುಂದೆ ಕೂರೋಣ ಅಂತ ಕರಾರಲ್ಲೇ ಬರ್ಕೊಂಡಿದೀವಿ. ಒಬ್ಬರನ್ನ ನಾವು ಆರಿಸ್ತೀವಿ, ಒಬ್ಬರನ್ನ ಅವರು. ಮಧ್ಯೆ ಕೂತಿರೋ ಅಧ್ಯಕ್ಷೆಯನ್ನ ಆ ಇಬ್ಬರೂ ಸೇರಿ ಆರಿಸ್ತಾರೆ."

"ಹಾಗಾದ್ರೆ ನಮ್ಮೋರು ಯಾರು?"

"ಬಲಗಡೆ, ಬೋಳುತಲೆಯವರು. ಆದ್ರೆ ಅವರು ನಮ್ಮೋರಲ್ಲ. ನಾವು ಆರಿಸಿದವರು, ಅಷ್ಟೇ. ಇಬ್ಬರನ್ನೂ ಒಂದೇ ಥರ ನೋಡದೇ ಇದ್ರೆ ತೀರ್ಪೇ ಬಿದ್ದುಹೋಗುತ್ತೆ."

ಪಕ್ಕದಲ್ಲಿದ್ದ ಕಾರ್ಖಾನೆಯ ಯಜಮಾನರು ಮೂಗು ಮುರಿದರು. ತಾವು ಆರಿಸಿದ ಮನುಷ್ಯ ತಮ್ಮವನಲ್ಲ ಎನ್ನುವುದನ್ನು ಒಪ್ಪಿಕೊಳ್ಳಲು ಅವರಿಗೆ ಒಂದು ವರ್ಷವೂ ಸಾಲದಾಗಿತ್ತು.

ಜಗಳ ಇಷ್ಟೇ. ಕಾರ್ಖಾನೆ ಎಂಟುನೂರು ಡೇರೆ ಹೊಲಿದು ಕಡಲಾಚೆಗೆ ಕಳಿಸಿತ್ತು. ಹನ್ನೊಂದು ತಿಂಗಳು ಆಚೆಯಿಂದ ಉಸಿರಿರಲಿಲ್ಲ. ಆಮೇಲೊಂದು ದಿನ ಪತ್ರ ಬಂತು: ಡೇರೆಗಳು ಸೋರುತ್ತಿವೆ, ಕರಾರು ರದ್ದು, ಎಂಟುನೂರನ್ನೂ ವಾಪಸು ತೆಗೆದುಕೊಳ್ಳಿ. ಅಷ್ಟೂ ವಾಪಸು ಬಂದರೆ ಕಾರ್ಖಾನೆಯ ಬಾಗಿಲಿಗೆ ಬೀಗ ಬೀಳುವುದು ಖಂಡಿತ. ಪುಟ್ಟಿ ಹಿಡಿದ ದಾರಿ ನೇರವಾಗಿತ್ತು. ದೇಶದೇಶಗಳ ಮಾರಾಟಕ್ಕೆ ಇರುವ ಕಾನೂನಿನ ಪ್ರಕಾರ, ಮಾಲು ಕೈಸೇರಿದ ಮೇಲೆ ಕೊಂಡವರು ಬೇಗನೆ ಪರೀಕ್ಷೆ ಮಾಡಿ, ದೋಷವಿದ್ದರೆ ತಡಮಾಡದೆ ತಿಳಿಸಬೇಕು. ಹನ್ನೊಂದು ತಿಂಗಳು ಸುಮ್ಮನಿದ್ದು ಆಮೇಲೆ ಕೂಗಿದರೆ ಆ ಕೂಗಿಗೆ ಬೆಲೆಯಿಲ್ಲ. ಒಂದೇ ಒಂದು ತೊಡಕಿತ್ತು. ದೋಷ ಗೊತ್ತಿದ್ದೂ ಮುಚ್ಚಿಟ್ಟು ಕಳಿಸಿದ್ದರೆ, ತಡವಾಯಿತೆಂಬ ನೆಪ ಮಾರಿದವರ ಕೈಹಿಡಿಯುವುದಿಲ್ಲ. ಮುಚ್ಚಿಟ್ಟಿಲ್ಲ ಎಂದು ಹೇಳುವುದಕ್ಕೇ ಹೊಲಿಗೆ ಕೋಣೆಯ ಮುಖ್ಯಸ್ಥೆಯಾದ ದೊಡ್ಡಕ್ಕನನ್ನು ಎರಡನೇ ಸಾಕ್ಷಿಯಾಗಿ ಕರೆತಂದಿದ್ದರು.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅತ್ತೆ. ಮೈಮೇಲೆ ಎಳ್ಕೋಬೇಡ," ಎಂದು ಪುಟ್ಟಿ ಬೆಳಗಿನಿಂದ ನಾಲ್ಕು ಸಲ ಹೇಳಿದ್ದಳು. ದೊಡ್ಡಕ್ಕ ನಾಲ್ಕು ಸಲವೂ ತಲೆಯಾಡಿಸಿದ್ದಳು. ಅವಳ ತಲೆಯಾಟವನ್ನು ನಂಬಿ ಕೆಟ್ಟವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆರು ಡೇರೆಗಳು ಮೊಹರು ಹಾಕಿದ ಚೀಲಗಳಲ್ಲಿ ಬಂದಿದ್ದವು. ಕೊಂಡವರ ಗೋದಾಮಿನಲ್ಲಿ, ಎರಡೂ ಕಡೆಯವರ ಎದುರಿಗೇ ಆರಿಸಿ ಕಟ್ಟಿಟ್ಟದ್ದು. ಇಲ್ಲಿಯವರೆಗೆ ಎಲ್ಲರೂ ನೋಡಿದ್ದು ಫೋಟೋಗಳನ್ನು ಮಾತ್ರ, ದೊಡ್ಡಕ್ಕ ಅವನ್ನೂ ನೋಡಿರಲಿಲ್ಲ. ಹೊಲಿದವಳಿಗೆ ಫೋಟೋ ತೋರಿಸಬೇಕೆಂದು ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ನೋಡಿ.

ಎದುರು ಪಕ್ಷದ ವಕೀಲ, ದಪ್ಪ ಕನ್ನಡಕದವನು, ಮೊದಲ ಡೇರೆಯ ನೆತ್ತಿಯನ್ನು ಎತ್ತಿಹಿಡಿದ. ಅವನ ಮಾತನ್ನು ದುಭಾಷಿ ದೊಡ್ಡಕ್ಕನ ಕಿವಿಗೆ ತಲುಪಿಸಿದ. "ಈ ಹೊಲಿಗೆ ನಿಮ್ಮದೇ ತಾನೆ?"

ದೊಡ್ಡಕ್ಕ ಕುರ್ಚಿ ಬಿಟ್ಟು ಎದ್ದಳು. ನೆತ್ತಿಯ ಮಡಿಕೆಯ ಕೊನೆಯನ್ನು ಉಗುರಿನಿಂದ ಬಿಡಿಸಿದಳು. ಆಮೇಲೆ ಕೆಳಗಿನ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಟೆಂಟು ನಮ್ದು. ನೆತ್ತಿ ಹೊಲಿಗೆ ನಮ್ದಲ್ಲ," ಎಂದಳು ಕಡ್ಡಿ ಮುರಿದಂತೆ.

ಕನ್ನಡಕದವನು ನಕ್ಕ. "ಒಂದೇ ಡೇರೆಯಲ್ಲಿ ಅರ್ಧ ನಿಮ್ಮದು, ಅರ್ಧ ಇನ್ಯಾರದ್ದೋ? ಅದು ಹೇಗಮ್ಮ?"

ಆಗ ದೊಡ್ಡಕ್ಕ ಹೇಳಿದಳು. ಹೇಳುವಾಗ ಅವಳ ಬೆನ್ನು ನೆಟ್ಟಗಾಗಿತ್ತು. ಯಂತ್ರದ ಹೊಲಿಗೆ ಮುಗಿದ ಮೇಲೆ ನೆತ್ತಿಯನ್ನೂ ಮೂಲೆಗಳನ್ನೂ ಕೈಯಲ್ಲೇ ಮುಗಿಸುವುದು ಅವರ ಕೋಣೆಯ ಪದ್ಧತಿ. ಒಂದು ಡೇರೆಯನ್ನು ಒಬ್ಬಳೇ ಮುಗಿಸಬೇಕು. ಪ್ರತಿ ಹೊಲಿಗೆಯ ಕೊನೆಯಲ್ಲಿ, ಮಡಿಕೆಯ ಒಳಗೆ, ತನ್ನ ಬಣ್ಣದ ದಾರದಿಂದ ಒಂದು ಗಂಟು ಹಾಕಬೇಕು. ಹದಿನಾಲ್ಕು ಜನಕ್ಕೆ ಹದಿನಾಲ್ಕು ಬಣ್ಣ. ಕೋಣೆಯಲ್ಲಿ ಹೆಸರಿಗಿಂತ ಬಣ್ಣವೇ ಹೆಚ್ಚು ನಡೆಯುತ್ತದೆ. ಹಳದಿ ರಜೆಯಲ್ಲಿದ್ದಾಳೆ, ಹಸಿರಿಗೆ ಕೋಪ ಬಂದಿದೆ, ಹೀಗೆ.

"ಇದು ಹಳದಿ ಮುಗಿಸಿದ್ದು. ನಾಲ್ಕು ಮೂಲೆಯಲ್ಲೂ ಅವಳ ಗಂಟಿದೆ, ನೆತ್ತಿಯಲ್ಲಿ ಇಲ್ಲ. ಯಾರೋ ನೆತ್ತಿ ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಯಾಕೆ ಅಂದ್ರೆ, ಇಲ್ನೋಡಿ, ಈ ಕೊಂಡಿ ಕೂರಿಸೋಕೆ. ದೀಪ ನೇತುಹಾಕೋಕಿರ್ಬೇಕು. ನಾವು ಕೊಂಡಿ ಇಡೋದೇ ಇಲ್ಲ."

ಕೊಂಡಿ ಫೋಟೋಗಳಲ್ಲೂ ಕಾಣುತ್ತಿತ್ತು. ಎರಡೂ ಕಡೆಯ ವಕೀಲರು ಆ ಫೋಟೋಗಳ ಮೇಲೆ ಒಂದು ವರ್ಷ ವಾದ ಬರೆದಿದ್ದರು. ಪುಟ್ಟಿ ತುಟಿ ಕಚ್ಚಿಕೊಂಡಳು. ಯಜಮಾನರ ಬಾಯಿ ತೆರೆದೇ ಇತ್ತು. ಬಣ್ಣದ ಗಂಟಿನ ವಿಷಯ ಅವರೂ ಅಂದೇ ಮೊದಲು ಕೇಳಿದ್ದು.

ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು. ಮೂಲೆಗಳಲ್ಲಿ ಕೆಂಪು, ನೀಲಿ, ಹಸಿರು, ಮತ್ತೆ ಹಳದಿ. ನೆತ್ತಿಯಲ್ಲಿ ಮಾತ್ರ ಕೊಂಡಿ, ಗಂಟಿಲ್ಲ. ಕನ್ನಡಕದವನು ಕಾಗದಗಳನ್ನು ಜೋಡಿಸಿಕೊಂಡು, ಇದೆಲ್ಲ ಹೊಸ ವಿಷಯ, ನಮಗೆ ಮೊದಲೇ ತಿಳಿಸಿಲ್ಲ ಎಂದು ಆಕ್ಷೇಪಿಸಿದ. ಪುಟ್ಟಿ ಗೆಲುವಿನ ಗಾಳಿ ಬಡಿದವಳಂತೆ ಎದ್ದು, "ನಮ್ಮ ಸಾಕ್ಷಿಯನ್ನ ಇನ್ನು ಕೇಳೋದೇನೂ ಇಲ್ಲ" ಎಂದಳು.

ದೊಡ್ಡಕ್ಕ ಮಾತ್ರ ಕೂರಲಿಲ್ಲ. ಮೇಜಿನ ತುದಿಯಲ್ಲಿ ಆರನೆಯ ಡೇರೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಅದರ ನೆತ್ತಿಯಲ್ಲಿ ಕೊಂಡಿ ಇರಲಿಲ್ಲ. ಒಂದು ಮೂಲೆಯ ಮಡಿಕೆ ಅವಳ ಕಡೆಗೇ ತಿರುಗಿತ್ತು, ಒಳಗಿಂದ ನೇರಳೆ ಬಣ್ಣ ಇಣುಕುತ್ತಿತ್ತು. ನೇರಳೆ ಅವಳದ್ದೇ ಬಣ್ಣ, ಮೂವತ್ತೊಂದು ವರ್ಷದಿಂದ. ಅದು ಸೋರುವ ಮಡಿಕೆಯೆಂದು ನೋಡಿದ್ದೇ ಅವಳಿಗೆ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು ಎನಿಸಿತು.

ಏಕೆಂದರೆ ಅವರ ಕೋಣೆಯಲ್ಲಿ ಇನ್ನೊಂದು ನಿಯಮವಿತ್ತು, ಅದನ್ನು ಮಾಡಿದವಳೂ ಅವಳೇ. ಯಾರ ಹೊಲಿಗೆ ಸೋರಿ ಡೇರೆ ವಾಪಸು ಬರುತ್ತದೋ ಅವರ ಬಣ್ಣದ ರೀಲು ಒಂದು ವರ್ಷ ಗಾಜಿನ ಬೀರುವಿಗೆ ಹೋಗುತ್ತದೆ. ಅಷ್ಟು ದಿನವೂ ಅವರು ನಿನ್ನೆ ಮೊನ್ನೆ ಸೇರಿದವರ ಹಾಗೆ ಬಿಳಿ ದಾರದಲ್ಲಿ ಗಂಟು ಹಾಕಬೇಕು. ನಾಲ್ಕು ವರ್ಷದ ಹಿಂದೆ ಹಸಿರಿಗೆ ಹಾಗಾಗಿತ್ತು. ಆ ವಾರ ಅವಳಮ್ಮ ಆಸ್ಪತ್ರೆಯಲ್ಲಿದ್ದರು. "ಒಂದ್ಸಲ ಬಿಟ್ಬಿಡಿ ದೊಡ್ಡಕ್ಕ" ಎಂದು ಅತ್ತಿದ್ದಳು. "ಒಂದು ವರ್ಷ. ಒಂದು ದಿನಾನೂ ಕಮ್ಮಿ ಇಲ್ಲ" ಎಂದಿದ್ದಳು ದೊಡ್ಡಕ್ಕ. ಹಸಿರು ಮೂರು ತಿಂಗಳು ಅವಳ ಜೊತೆ ಮಾತುಬಿಟ್ಟಿದ್ದಳು.

ನೇರಳೆ ಎಂದೂ ಬೀರುವಿಗೆ ಹೋದದ್ದಿಲ್ಲ. ಸುಮ್ಮನೆ ಕೂತುಬಿಟ್ಟರೆ ಇವತ್ತೂ ಹೋಗುವುದಿಲ್ಲ. ಯಾರೂ ಕೇಳಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ವಕೀಲೆಯೇ ಹೇಳಿದ್ದಾಳೆ.

"ಆರನೇದನ್ನ ಯಾಕೆ ನೋಡ್ತಿಲ್ಲ?" ಎಂದಳು ದೊಡ್ಡಕ್ಕ.

ದುಭಾಷಿ ಅನುವಾದಿಸಿದ. ಪುಟ್ಟಿ ಕಣ್ಣು ಮುಚ್ಚಿದಳು.

"ಇದು ನಾನು ಮುಗಿಸಿದ್ದು. ನೆತ್ತಿಗೆ ಯಾರೂ ಕೈ ಹಾಕಿಲ್ಲ. ಆದ್ರೆ ಈ ಮೂಲೆ ಸೋರುತ್ತೆ."

ಬೋಳುತಲೆಯವರು ಮುಂದೆ ಬಾಗಿದರು. "ಸೋರುತ್ತೆ ಅಂತ ನೋಡಿದ ಕೂಡಲೇ ಹೇಗೆ ಹೇಳ್ತೀರಿ?"

"ಮಡಿಕೆ ಕೆಳಮುಖ ಇರ್ಬೇಕು, ಹೆಂಚಿನ ಮೇಲೆ ಹೆಂಚು ಕೂತ ಹಾಗೆ. ಇಲ್ಲಿ ಮೇಲ್ಮುಖ ಆಗಿದೆ. ನೀರು ಜಾರೋ ಬದಲು ಒಳಗೆ ನಿಲ್ಲುತ್ತೆ."

"ನೀರು ಹಾಕಿ ನೋಡೋಣವೇ?" ಎಂದರು ಅವರು. ಯಜಮಾನರು ಪುಟ್ಟಿಯ ಕಿವಿಯಲ್ಲಿ "ಇವರನ್ನ ಆರಿಸಿದ್ದು ನಾವೇ ಅಲ್ವೇನಮ್ಮಾ?" ಎಂದು ಹಲುಬಿದರು.

ಅಧ್ಯಕ್ಷೆ ಎರಡೂ ಕಡೆಯವರನ್ನು ಮೇಜಿನ ಹತ್ತಿರಕ್ಕೆ ಕರೆದರು. ಒಬ್ಬರು ಡೇರೆ ಹಿಡಿದರು, ಇನ್ನೊಬ್ಬರು ಬಾಟಲಿ ಬಗ್ಗಿಸಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಹೋಟೆಲಿನ ರತ್ನಗಂಬಳಿಯ ಮೇಲೆ ಒಂದು ಹನಿ ಬಿತ್ತು, ಅದರ ಹಿಂದೆಯೇ ಇನ್ನೊಂದು.

ಕನ್ನಡಕದವನಿಗೆ ಜೀವ ಬಂತು. "ಹಾಗಾದರೆ ಕಳಿಸುವಾಗಲೇ ನಿಮಗೆ ಗೊತ್ತಿತ್ತು!"

"ಗೊತ್ತಿದ್ರೆ ಹೊಸಿಲು ದಾಟ್ತಿರಲಿಲ್ಲ ಸ್ವಾಮಿ," ಎಂದಳು ದೊಡ್ಡಕ್ಕ. ಬಿಳಿ ದಾರದ ನಿಯಮವನ್ನೂ ಬಿಡಿಸಿ ಹೇಳಿದಳು. "ಈ ಟೆಂಟು ನಮ್ಮ ಕೋಣೆಗೆ ವಾಪಸು ಬಂದ ದಿನ ನನ್ನ ಬಣ್ಣ ಬೀರುವಿಗೆ. ಗೊತ್ತಿದ್ದೂ ಕಳಿಸಿ, ಇಲ್ಲಿ ನಾನೇ ಎದ್ದು ಹೇಳೋಕೆ ನನಗೇನು ತಲೆ ಕೆಟ್ಟಿದ್ಯಾ? ಇದರ ಬದಲು ಹೊಸದು ಹೊಲಿದು ಕೊಡ್ತೀನಿ. ಯಜಮಾನ್ರು ಬೇಡ ಅನ್ನಲ್ಲ."

ಯಜಮಾನರು ರತ್ನಗಂಬಳಿಯ ಮೇಲಿನ ಹನಿಗಳನ್ನೇ ಎಣಿಸುತ್ತಿದ್ದರು.

ಅಧ್ಯಕ್ಷೆ ಮೆಲ್ಲಗೆ ಕೇಳಿದರು. "ಮೂವತ್ತೊಂದು ವರ್ಷದ ಕೈ. ಇಂಥ ತಪ್ಪು ಹೇಗಾಯಿತಮ್ಮ?"

ದೊಡ್ಡಕ್ಕ ಡೇರೆಯ ಒಳಪಟ್ಟಿಯಲ್ಲಿ ಒತ್ತಿದ್ದ ತಾರೀಖನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ಆ ದಿನ ಅಲ್ಲಿ ಕೂತಿದ್ದಾಳಲ್ಲ, ನಮ್ಮ ವಕೀಲೆ, ಅವಳ ಪರೀಕ್ಷೆ ಫಲಿತಾಂಶ ಬಂದಿತ್ತು. ನಮ್ಮ ವಂಶದಲ್ಲೇ ಮೊದಲ ವಕೀಲೆ ಅಂತ ಬೆಳಗಿಂದ ಸಂಜೆವರೆಗೂ ಕೋಣೆಯಲ್ಲಿ ಒಬ್ಬೊಬ್ಬರಿಗೂ ಹೇಳಿದ್ದೇ ಹೇಳಿದ್ದು. ಬಾಯಿ ಹೇಳ್ತಿತ್ತು, ಕೈ ಮಡಿಚ್ತಿತ್ತು."

ಮೂವರು ಮಧ್ಯಸ್ಥಗಾರರೂ ನಗು ತಡೆಯಲು ಏನೇನೋ ಬರೆದುಕೊಂಡರು. ಪುಟ್ಟಿ ಮಾತ್ರ ತಲೆಯೆತ್ತಲಿಲ್ಲ.

ಆಮೇಲೆ ಅಧ್ಯಕ್ಷೆ ಎದುರು ಪಕ್ಷಕ್ಕೆ ಎರಡು ವಾರದ ಕಾಲಾವಕಾಶ ಕೊಟ್ಟರು. ಗಂಟಿನ ವಿಷಯ ಅವರಿಗೆ ಹೊಸದು, ತಮ್ಮ ಗೋದಾಮಿನಲ್ಲಿ ಉಳಿದ ಡೇರೆಗಳನ್ನು ಪರೀಕ್ಷಿಸಿ ಉತ್ತರ ಕೊಡಲಿ ಎಂದರು. ಮೆಟ್ಟಿಲಿಳಿಯುತ್ತ ಪುಟ್ಟಿ ಸಿಡಿಮಿಡಿಗೊಂಡಳು. "ಇವತ್ತೇ ಮುಗಿದುಹೋಗ್ತಿತ್ತು ಅತ್ತೆ. ನೀನೂ ಬಾಯಿಬಿಟ್ಟೆ, ಅವರೂ ಟೈಮ್ ಕೊಟ್ರು."

"ಕೊಡ್ಲಿ ಬಿಡೇ. ನನ್ನ ಮಾತು ಪೂರ್ತಿ ಕೇಳಿದ್ರಲ್ವಾ? ಅವರದ್ದೂ ಕೇಳ್ಬೇಕು ತಾನೆ?"

ಕೊನೆಯ ಮೆಟ್ಟಿಲಲ್ಲಿ ಪುಟ್ಟಿ ಅತ್ತೆಯ ಕೈಚೀಲವನ್ನು ತಾನೇ ಹಿಡಿದುಕೊಂಡಳು.

ಎರಡು ವಾರಕ್ಕೆ ಸರಿಯಾಗಿ ಆಚೆಯಿಂದ ಕಾಗದ ಬಂತು. ಗೋದಾಮಿನ ಮೇಲ್ವಿಚಾರಕ ದೀಪದ ಕೊಂಡಿಗಾಗಿ ನೆತ್ತಿಗಳನ್ನು ಬಿಚ್ಚಿಸಿದ್ದು ನಿಜ, ಮುಖ್ಯ ಕಚೇರಿಗೆ ಅದು ತಿಳಿದಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಮೂರು ತಿಂಗಳ ಮೇಲೆ ತೀರ್ಪೂ ಬಂತು, ಅದೇ ವಾರ ಆರನೆಯ ಡೇರೆಯೂ ಬಂತು.

ಪುಟ್ಟಿ ತೀರ್ಪನ್ನು ಹೊಲಿಗೆ ಕೋಣೆಗೇ ತಂದು ಎಲ್ಲರೆದುರು ಓದಿದಳು. ಕರಾರು ಊರ್ಜಿತ, ಎಂಟುನೂರು ಡೇರೆ ವಾಪಸಿಲ್ಲ. ಹದಿನಾಲ್ಕು ಜನರೂ ಒಮ್ಮೆಗೇ ಉಸಿರುಬಿಟ್ಟರು. ಆಮೇಲೆ ಅವಳು ನಲವತ್ತೊಂದನೇ ಪ್ಯಾರಾ ತೆಗೆದಳು. ಅದನ್ನು ನಿಧಾನವಾಗಿ ಓದಿದಳು: "ಎರಡನೇ ಸಾಕ್ಷಿ ತಮ್ಮ ಪಕ್ಷಕ್ಕೂ ತಮಗೂ ವಿರುದ್ಧವಾದ ಸಂಗತಿಯನ್ನು ಯಾರೂ ಕೇಳದೆ ತಾವೇ ಹೇಳಿದರು. ಅವರ ಮಾತನ್ನು ಪೂರ್ತಿಯಾಗಿ ನಂಬಲು ಮಂಡಳಿಗೆ ಯಾವ ಹಿಂಜರಿಕೆಯೂ ಇಲ್ಲ."

"ಎರಡನೇ ಸಾಕ್ಷಿ ಅಂದ್ರೆ ನಾನೇನಾ?" ಎಂದು ದೊಡ್ಡಕ್ಕ ಗೊತ್ತಿದ್ದೇ ಕೇಳಿದಳು. ಇನ್ನೊಂದು ಸಲ ಓದಿಸಿಕೊಂಡಳು. ಮೂರನೇ ಸಲ ಕೇಳಲು ನಾಚಿಕೆಯಾಯಿತು.

"ಇನ್ನೂ ಇದೆ ಅತ್ತೆ. ತಡವಾಗಿ ತಿಳಿಸಿದ್ದರಿಂದ ಆರನೇದಕ್ಕೂ ನಮ್ಮ ಮೇಲೆ ಯಾವ ಹೊಣೆಯೂ ಇಲ್ಲ. ಹೊಸದು ಕೊಡೋದು ನಿನ್ನ ದೊಡ್ಡಮನಸ್ಸು ಅಂತ ಬರೆದಿದ್ದಾರೆ. ಕಾನೂನಿನಲ್ಲಿ ನಿನ್ನ ತಪ್ಪು ಲೆಕ್ಕಕ್ಕೇ ಬರಲ್ಲ."

ಯಜಮಾನರು ಹಿಗ್ಗಿಹೋದರು. "ಹಾಗಾದ್ರೆ ಬಿಳಿ ದಾರದ ಮಾತೇ ಬೇಡ! ಕಾರ್ಖಾನೆ ಉಳಿಸಿದೋರು ನೀವು. ಮೂರು ಜನ ದೊಡ್ಡವರು ಮಾಫಿ ಮಾಡಿದ ಮೇಲೆ ನಮ್ಮದೇನು?"

ದೊಡ್ಡಕ್ಕನ ಕೈ ನೇರಳೆ ರೀಲಿನ ಮೇಲಿತ್ತು. ಸುಳ್ಳು ಯಾಕೆ ಹೇಳಬೇಕು, ಯಜಮಾನರ ಮಾತು ಅವಳಿಗೆ ಆ ಹೊತ್ತು ಸಕ್ಕರೆಯಷ್ಟು ಸಿಹಿಯಾಗಿತ್ತು. ರೀಲಿನಿಂದ ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಆಗ ಹಸಿರು ಎದ್ದಳು. ವಾಪಸು ಬಂದ ಡೇರೆಯ ಮೂಲೆ ಬಿಡಿಸಿ, ಮೇಲ್ಮುಖವಾದ ಮಡಿಕೆಯನ್ನು ಎಲ್ಲರಿಗೂ ತೋರಿಸಿದಳು. ಬೀರುವಿನ ಗಾಜಿನ ಬಾಗಿಲು ತೆರೆದಳು. ಬಿಳಿ ದಾರದ ರೀಲು ತಂದು ದೊಡ್ಡಕ್ಕನ ಮುಂದಿಟ್ಟಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅವರಿಗೆ ತಡ ಆಗಿರ್ಬಹುದು ದೊಡ್ಡಕ್ಕ. ನಮ್ಮ ಕೋಣೆಗೆ ತಡ ಅನ್ನೋದಿಲ್ಲ. ಒಂದು ವರ್ಷ. ಒಂದು ದಿನಾನೂ ಕಮ್ಮಿ ಇಲ್ಲ."

ಯಜಮಾನರು ಗದರಲು ಬಾಯಿ ತೆರೆದರು. ದೊಡ್ಡಕ್ಕ ಕೈಯೆತ್ತಿ ತಡೆದಳು. ಅವಳ ಎದೆ ತುಂಬಿಬಂದಿತ್ತು. ನಲವತ್ತೊಂದನೇ ಪ್ಯಾರಾ ಕೇಳಿದಾಗಲೂ ಅಷ್ಟು ತುಂಬಿರಲಿಲ್ಲ. ಇವಳನ್ನು ಪಳಗಿಸಿದವಳು ನಾನು, ಎಂದುಕೊಂಡಳು. ನಾಳೆ ನಾನಿಲ್ಲದಿದ್ದರೂ ಈ ಕೋಣೆ ನಡೆಯುತ್ತದೆ.

ನೇರಳೆ ರೀಲನ್ನು ಅವಳೇ ಬೀರುವಿನೊಳಗಿಟ್ಟು, ಕೀಲಿಕೈಯನ್ನು ಹಸಿರಿನ ಕೈಗೆ ಕೊಟ್ಟಳು. ತನ್ನ ಜಾಗಕ್ಕೆ ಬಂದು ಕೂತು ಸೂಜಿಗೆ ಬಿಳಿ ದಾರ ಪೋಣಿಸಿದಳು. ಆರನೆಯದರ ಬದಲಿಗೆ ಕಳಿಸಬೇಕಾದ ಹೊಸ ಡೇರೆಯ ಮೂಲೆಯನ್ನು ಬಾಯಿ ಮುಚ್ಚಿಕೊಂಡು ಮಡಿಚಿ, ಹೊಲಿದು, ಗಂಟು ಹಾಕಿದಳು. ಪುಟ್ಟಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಹಸಿರು ಚೊಂಬಿನಲ್ಲಿ ನೀರು ತಂದು ಮೂಲೆಯ ಮೇಲೆ ನಿಧಾನವಾಗಿ ಸುರಿದಳು. ಬಗ್ಗಿ ಅಡಿಯಲ್ಲಿ ಅಂಗೈ ಆಡಿಸಿದಳು. ಕೈ ಒದ್ದೆಯಾಗಲಿಲ್ಲ.

"ಸರಿ ಇದೆ," ಎಂದಳು. "ಇನ್ನೊಂದು ಮೂಲೆ ಮಾಡಿ."