ನನ್ನ ದನಿಗೆ ಕಟ್ಟಿದ ಸಾಲು

ಫೋನೆತ್ತಿ ‘ಹಲೋ’ ಎಂದರೆ ಸಾಕು, ಆ ಕಡೆಯವರು ‘ಹೇಳಿ ಸರ್’ ಎನ್ನುತ್ತಾರೆ. ನನ್ನ ದನಿ ಅಷ್ಟು ದಪ್ಪ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸು ಹೊದಿಕೆ ಮಡಚುವ ಕೆಲಸ ನನ್ನದು. ‘ಅಕ್ಕ ಕೂಗಿದ್ರೆ ಮೆಷಿನ್ನೇ ಹೆದರಿ ನಿಂತುಬಿಡುತ್ತೆ’ ಎಂದು ಅಲ್ಲಿನವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಮಗಳಿಗೆ ಒಂದೇ ಒಂದು ಜೋಗುಳ ಹಾಡಿದವಳಲ್ಲ. ಬೆನ್ನು ತಟ್ಟಿಯೇ ಮಲಗಿಸಿದೆ.

ಆ ಮಗಳೀಗ ಹಾಡಿನ ತರಗತಿಗೆ ಹೋಗುತ್ತಾಳೆ. ವರ್ಷದ ಕೊನೆಗೆ ಸ್ವಂತದ್ದೊಂದು ಹಾಡು ಕಟ್ಟಿ ಒಪ್ಪಿಸಬೇಕು. ಇವಳು ಕಟ್ಟಿದ್ದರ ಕೊನೆಯ ಸಾಲು ಪಾತಾಳಕ್ಕಿಳಿಯುತ್ತಿತ್ತು. ಅವಳ ದನಿ ಅಲ್ಲಿಗೆ ಮುಟ್ಟದು. ‘ಶ್ರುತಿ ಏರಿಸಿಕೋ’ ಎಂದರಂತೆ ಮೇಷ್ಟ್ರು. ಇವಳು ಒಪ್ಪಲಿಲ್ಲ.

“ಆ ಸಾಲು ನೀನು ಹಾಡಮ್ಮ.”

“ತಲೆ ಕೆಟ್ಟಿದೆಯೇನೆ? ಜನ ಎದ್ದು ಓಡ್ತಾರೆ.”

“ನೀನು ಬರದಿದ್ರೆ ಅರ್ಧ ಹಾಡನ್ನೇ ಒಪ್ಪಿಸ್ತೀನಿ. ಫೇಲಾದ್ರೆ ಆಗ್ಲಿ.”

ಹಟದಲ್ಲಿ ನನ್ನನ್ನೇ ಹೋಲುತ್ತಾಳೆ. ಪಾತ್ರೆ ತೊಳೆಯುತ್ತ ಸಾಲು ಕಲಿತೆ. ‘ಏಳು ಕಂದಾ, ಬೆಳಕಾಯ್ತು.’ ದಿನಾ ಬಾಗಿಲಲ್ಲಿ ನಿಂತು ನಾನೇ ಕೂಗುವ ಮಾತು. ಛೇಡಿಸಲು ಹಾಕಿದ್ದಾಳೆ ಅಂದುಕೊಂಡೆ.

ಶನಿವಾರ ಕೆಲಸ ಮುಗಿಸಿ ಅವಳ ತರಗತಿಗೆ ಕಾಲೆಳೆದುಕೊಂಡು ಹೋದೆ. ಪುಟ್ಟ ಕೋಣೆ, ಹತ್ತು ಹನ್ನೆರಡು ಮಕ್ಕಳು, ಹಾರ್ಮೋನಿಯಂ ಮುಂದೆ ಮೇಷ್ಟ್ರು. ಮಗಳು ಹಾಡಿದಳು. ನನ್ನ ಸರದಿ ಬಂದಾಗ ಇದ್ದ ಗಂಟಲು ಬಿಟ್ಟು, ಯಾರೋ ಗಾಯಕಿಯ ಹಾಗೆ ಸಣ್ಣ ದನಿ ತೆಗೆದೆ. ಅದು ನಡುವೆಯೇ ಕೀರಲಾಗಿ ಒಡೆಯಿತು. ಹಿಂದೆ ಯಾರೋ ಕಿಸಕ್ಕೆಂದರು.

“ಅಮ್ಮಾ, ಅದ್ಯಾರ ದನಿ? ಬೆಳಿಗ್ಗೆ ನನ್ನನ್ನ ಎಬ್ಬಿಸ್ತೀಯಲ್ಲ, ಅದು ಬೇಕು ನಂಗೆ. ಅದನ್ನ ಕೇಳಿ ಕೇಳಿಯೇ ಈ ಹಾಡು ಕಟ್ಟಿರೋದು.”

ಪದ ಮಾತ್ರವಲ್ಲ, ರಾಗವೂ ನನ್ನದೆಂದು ಹೊಳೆದದ್ದು ಆಗ. ‘ಏಳು’ ಎಂದು ಎಳೆಯುವುದು, ‘ಬೆಳಕಾಯ್ತು’ ಎಂದು ಇಳಿಯುವುದು, ಎಲ್ಲ ಹಾಗೇ ಇತ್ತು. ಹಾಡಿಗೆ ಆಗದೆಂದು ನಾನು ಬದಿಗಿಟ್ಟ ದನಿಯನ್ನು ಈ ಹುಡುಗಿ ಹದಿನೇಳು ವರ್ಷ ಹಾಸಿಗೆಯಲ್ಲಿ ಮಲಗಿಯೇ ಕಿವಿಗೊಟ್ಟು ಕೇಳಿದ್ದಳು.

ಅವಳನ್ನೇ ನೋಡುತ್ತ ಹಾಡಿದೆ. ದನಿ ಇಳಿಯಿತು, ಅದಕ್ಕೆ ತಳ ಸಿಕ್ಕಿತು, ಅಲ್ಲೇ ನಿಂತಿತು. ಎದೆಗೂಡು ಜುಮ್ಮೆಂದಿತು. ಈ ಸಲ ಯಾರೂ ನಗಲಿಲ್ಲ. ಮಗಳ ಮುಖ ಮಾತ್ರ ಅರಳಿತ್ತು.

“ಸಾಕಾ ತಾಯಿ, ಇನ್ನೊಂದು ಸಲನಾ?” ಎಂದರು ಮೇಷ್ಟ್ರು.

“ಮೊದಲಿಂದ ಶುರು ಮಾಡಿ ಮೇಷ್ಟ್ರೇ,” ಎಂದೆ. “ನನ್ನ ಹೆದರಿಕೆಯಲ್ಲಿ ಮಗಳು ಹಾಡಿದ್ದು ಕಿವಿಗೇ ಬೀಳಲಿಲ್ಲ.”