ಇದು ಚೆನ್ನಾಗಿದೆಯೋ, ಮೊದಲಿನದೋ

ಟೀಚರಮ್ಮನ ಕನ್ನಡಕ ಎರಡನೇ ಸಲ ವಾಪಸ್ ಬಂತು. ಕನ್ನಡಕದಂಗಡಿಯ ಮಾಲೀಕ ಅದನ್ನು ಮೇಜಿನ ಮೇಲಿಟ್ಟು ತಗ್ಗಿದ ದನಿಯಲ್ಲಿ ಹೇಳಿದ: "ಡಾಕ್ಟ್ರೇ, ಬರೀ ಇದೇ ಆಯ್ತು. ಇವರದ್ದು ಇನ್ನೊಂದ್ಸಲ ವಾಪಸ್ ಬಂದ್ರೆ, ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ."

ಹಾಗೆ ಕರೆಸಿಕೊಂಡವನು ಡಾಕ್ಟರಲ್ಲ, ಕಣ್ಣು ಪರೀಕ್ಷೆಯ ಡಿಪ್ಲೊಮಾ ಮಾಡಿದವನು. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಗಿರಾಕಿಯ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ, ಒಂದೊಂದೇ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯೋ, ಮೊದಲಿನದೋ?" ಎಂದು ಕೇಳುವುದು ಅವನ ಕೆಲಸ.

ಅವನಿಗೆ ತಲೆ ಕೆಟ್ಟುಹೋಗಿತ್ತು. ಪೆಟ್ಟಿಗೆಯ ಗಾಜುಗಳನ್ನೆಲ್ಲ ಅಳೆದು ನೋಡಿದ; ಸರಿಯಿದ್ದವು. ಅಕ್ಷರದ ಪಟದ ಬಲ್ಬು ಬದಲಿಸಿದ. ಅಳತೆಗೆ ತಕ್ಕಂತೆ ಗಾಜು ಉಜ್ಜಿ ಕೊಡುವವನ ಜತೆ ಸುಮ್ಮನೆ ಜಗಳ ತೆಗೆದ. ಗಿರಾಕಿಗಳ ಮೇಲೂ ಉರಿ. ಒಬ್ಬರಾದರೂ ಯೋಚಿಸಿ ಹೇಳುವುದಿಲ್ಲ. ಎರಡನೇ ಗಾಜಿಗೇ "ಚೆನ್ನಾಗಿದೆ, ಸಾಕು" ಎಂದು ಎದ್ದುಬಿಡುತ್ತಾರೆ, ಆಮೇಲೆ ತಲೆನೋವು ಅಂತ ಬರುತ್ತಾರೆ.

ಟೀಚರಮ್ಮನನ್ನು ಮತ್ತೆ ಕೂರಿಸಿದ.

"ಇದೋ, ಮೊದಲಿನದೋ?"

"ಇದೇ ಇರ್ಲಿ."

"ಸರಿಯಾಗಿ ನೋಡಿ ಹೇಳೀಮ್ಮಾ. ಹೋದ ಸಲಾನೂ ಹೀಗೇ ಅಂದ್ರಿ."

ಟೀಚರಮ್ಮ ಪರೀಕ್ಷೆಗೆ ಕಣ್ಣಿಗೆ ಹಾಕಿದ್ದ ಗಾಜಿನ ಚೌಕಟ್ಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. "ನೋಡಪ್ಪಾ, ಸುಳ್ಳು ಹೇಳಿ ನನಗೂ ಸಾಕಾಯ್ತು. ನಿನ್ನ ಬಾಯಿ ವಾಸನೆ ತಡೆಯಕ್ಕಾಗಲ್ಲ. ನೀನು ಬಗ್ಗಿದ ಕೂಡ್ಲೆ ಉಸಿರು ಹಿಡ್ಕೊಂಡು, ಯಾವ್ದೋ ಒಂದು ಚೆನ್ನಾಗಿದೆ ಅಂದು ಎದ್ದುಬಿಡ್ತೀನಿ. ಮೊದ್ಲು ಅದನ್ನ ಸರಿ ಮಾಡ್ಕೊ. ಆಮೇಲೆ ಫೋನ್ ಮಾಡು, ಬರ್ತೀನಿ."

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಅಕ್ಕನನ್ನು ಕೇಳಿದ.

ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ಅದಕ್ಕೇ ದಿನಾ ನಿನ್ನ ಜೇಬಿಗೆ ಪೆಪ್ಪರ್‌ಮಿಂಟ್ ಹಾಕ್ತಿದ್ದಿದ್ದು."

"ಸಾಕ್ಸ್ ನಾರುತ್ತೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀಯ. ಇದನ್ನ ಹೇಳಕ್ಕೆ ನಿಂಗೇನಾಗಿತ್ತು?"

"ಸಾಕ್ಸ್ ಆದ್ರೆ ಬಿಚ್ಚಿ ಎಸೀಬಹುದು ಕಣೋ. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೀಯ ಅಂದ್ರೇ ಎರಡು ದಿನ ಮುಖ ಊದಿಸ್ಕೊಂಡಿರ್ತೀಯ. ನಿನಗ್ಯಾರು ಹೇಳ್ತಾರೆ?"

ಅಂಗೈಗೆ ಊದಿ ಮೂಸಿದ. ಏನೂ ಗೊತ್ತಾಗಲಿಲ್ಲ. ಅದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತು.

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲೇ "ಹೊಟ್ಟೆ ಸರಿಯಿಲ್ಲ ಅನ್ಸುತ್ತೆ ಮೇಡಂ" ಎಂದ. ಆಕೆ ಮಾಸ್ಕಿನೊಳಗೇ ನಕ್ಕರು. "ಎಲ್ರೂ ಹೊಟ್ಟೆ ಮೇಲೇ ಹಾಕ್ತಾರೆ. ನಿಮ್ಮ ತೊಂದರೆ ಬಾಯೊಳಗೇ ಇದೆ. ಒಸಡು ಊದಿದೆ, ಮುಟ್ಟಿದ್ರೆ ರಕ್ತ ಬರುತ್ತೆ. ಹಲ್ಲಿನ ಸಂದೀಲಿ ಕೊಳೆ ಗಟ್ಟಿಯಾಗಿ ಕಟ್ಕೊಂಡಿದೆ. ನಾಲಿಗೆ ಹಿಂಭಾಗ ಯಾವತ್ತಾದ್ರೂ ಉಜ್ಜಿದ್ದೀರಾ?"

"ದಿನಾ ಎರಡು ಸಲ ಬ್ರಷ್ ಮಾಡ್ತೀನಿ."

"ಕನ್ನಡೀಲಿ ಕಾಣೋ ಹಲ್ಲು ಮಾತ್ರ ಉಜ್ಜಿದ್ದೀರಿ. ನೀರು ಎಷ್ಟು ಕುಡೀತೀರಿ?"

ಕುಡಿಯುತ್ತಿರಲಿಲ್ಲ. ಅಂಗಡಿಯ ಶೌಚಾಲಯ ಮೂರನೇ ಮಹಡಿಯಲ್ಲಿತ್ತು. ದಿನವಿಡೀ ಮಾತಾಡಿ ಬಾಯಿ ಒಣಗಿದಾಗೆಲ್ಲ ಒಂದು ಪೆಪ್ಪರ್‌ಮಿಂಟ್ ಚೀಪುತ್ತಿದ್ದ.

"ಒಣಗಿದ ಬಾಯಿ ಇನ್ನೂ ನಾರುತ್ತೆ. ಮಿಂಟ್ ಅದನ್ನ ಸ್ವಲ್ಪ ಹೊತ್ತು ಮುಚ್ಚುತ್ತೆ ಅಷ್ಟೆ," ಎಂದು ಆಕೆ ಹಲ್ಲು ಕೆರೆಯುವ ಯಂತ್ರ ಹಿಡಿದರು. ಹಲ್ಲಿನ ಸಂದಿಗೆ ದಾರ ಹಾಕುವುದನ್ನೂ ಕಲಿಸಿ ಕಳಿಸಿದರು.

ಒಸಡಿನ ರಕ್ತ ನಿಲ್ಲಲು ವಾರಗಳೇ ಹಿಡಿದವು. ವಾಸನೆ ಹೋಯಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಅಕ್ಕ "ಪರವಾಗಿಲ್ಲ" ಎಂದಳು. ಇಷ್ಟು ದಿನ ಬಾಯಿ ಬಿಡದವಳ ಮಾತನ್ನು ಅವನು ನಂಬಲಿಲ್ಲ. ಕೊನೆಗೆ ಟೀಚರಮ್ಮನಿಗೆ ಫೋನ್ ಮಾಡಿದ.

ಅವರು ಬಂದು ಕೂತರು. ಅವನು ಬಗ್ಗಿದ.

"ಇದೋ, ಮೊದಲಿನದೋ?"

"ತಡಿ. ಮೊದಲಿನದು ಹಾಕು." ಹಾಕಿದ. "ಅಲ್ಲ, ಇದಕ್ಕಿಂತ ಹಿಂದಿನದು... ಒಂದು ಸಾಲು ಮಸುಕು. ಇನ್ನೊಂದ್ಸಲ ತೋರ್ಸು."

ಮತ್ತೆ ತೋರಿಸಿದ. ಮತ್ತೆ ಬೇಡವೆಂದರು. ಅವನ ಸೊಂಟ ಹಿಡಿದುಕೊಂಡಿತು. ಮಾಲೀಕ ಬಾಗಿಲು ಸರಿಸಿ ಇಣುಕಿದ. "ಏನ್ರೀ ಇನ್ನೂ? ಹೊರಗೆ ಜನ ಕಾಯ್ತಿದ್ದಾರೆ."

"ಬಾಗಿಲು ಹಾಕ್ಕೊಳ್ಳಿ ಸಾರ್, ಬೆಳಕು ಬರುತ್ತೆ," ಎಂದು ಅವನು ಮುಂದಿನ ಗಾಜು ಎತ್ತಿಕೊಂಡ.