ಜ್ವರ ಬಿಟ್ಟ ದಿನ

ನಾಲ್ಕು ದಿನದಿಂದ ಕೆಂಡದಂತೆ ಸುಡುತ್ತಿದ್ದ ದರ್ಜಿಯ ಮೈ ಅಂದು ಬೆಳಿಗ್ಗೆ ತಣ್ಣಗಾಗಿತ್ತು. ಹೆಂಡತಿಗೆ ಹೋದ ಜೀವ ಬಂದಂತಾಯಿತು. "ಇವತ್ತೊಂದು ದಿನ ಮಲಗಿರಿ" ಎಂದು ಅವಳು ಹೇಳುವಷ್ಟರಲ್ಲೇ ಆಸಾಮಿ ಹೊಲಿಗೆ ಮಷೀನಿನ ಮುಂದೆ ಕೂತಾಗಿತ್ತು. ಶಾಲೆ ತೆರೆಯುವ ಸಮಯ, ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿತ್ತು.

ಕೂತನೇ ಹೊರತು ಕೆಲಸ ಸಾಗಲಿಲ್ಲ. ಎರಡು ಸಲ ವಾಂತಿಯಾಯಿತು. ಹೊಟ್ಟೆ ನೋವು ಎಂದ. ಸರಿಯಾಗಿ ಊಟವಿಲ್ಲ, ಅದಕ್ಕೇ ಇರಬೇಕು ಎಂದು ಅವಳೂ ಸುಮ್ಮನಾದಳು. ಜ್ವರವೇ ಇಲ್ಲವೆಂದ ಮೇಲೆ ಇನ್ನೇನು ಭಯ?

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ತನ್ನ ಕೋಟಿನ ಕಿತ್ತ ಜೇಬು ಹೊಲಿಸಲು ಬಂದಳು. ಜೇಬಿನ ಮಾತು ಅರ್ಧಕ್ಕೇ ನಿಂತಿತು.

"ಅಣ್ಣಾ, ತೋಳ ಮೇಲೆ ಇದೇನು ಕೆಂಪು ಚುಕ್ಕೆ?"

"ಗುಂಡುಸೂಜಿ ಚುಚ್ಚಿದ್ದು ಕಣಮ್ಮ. ನಮ್ಮ ಕಸುಬಿನಲ್ಲಿ ಇದೆಲ್ಲ ಇದ್ದದ್ದೇ."

ಹೆಂಡತಿ ನಕ್ಕಳು. ಗುಂಡುಸೂಜಿಗಳನ್ನು ಅಂಗಿಯ ತೋಳಿಗೇ ಸಿಕ್ಕಿಸಿಕೊಳ್ಳುವುದು ಅವನ ಹಳೆಯ ಚಾಳಿ. ನರ್ಸಮ್ಮ ಮಾತ್ರ ನಗಲಿಲ್ಲ. ಬೆರಳಿನಿಂದ ಒತ್ತಿ ನೋಡಿದಳು, ಚುಕ್ಕೆ ಮಾಸಲಿಲ್ಲ. ಪ್ಯಾಂಟು ಮೇಲೆತ್ತಿಸಿದರೆ ಮೀನಖಂಡದ ತುಂಬ ಅದೇ ಚುಕ್ಕೆಗಳು.

"ಇಲ್ಲೂ ಗುಂಡುಸೂಜಿ ಸಿಕ್ಕಿಸ್ಕೊಂಡಿದ್ರಾ?"

ದರ್ಜಿ ಪ್ಯಾಂಟನ್ನು ಕೆಳಗೆಳೆದುಕೊಂಡ.

"ಹಲ್ಲುಜ್ಜುವಾಗ ರಕ್ತ ಬಂತಾ?"

"ಸ್ವಲ್ಪ ಬಂತು."

"ನಂಗ್ಯಾಕೆ ಹೇಳ್ಲಿಲ್ಲ?" ಹೆಂಡತಿಯ ಮುಖ ಬಿಳಿಚಿತು.

"ಜ್ವರ ಬಿಟ್ಟಿತ್ತಲ್ಲ. ಸುಮ್ನೆ ನಿನ್ನ ತಲೆ ಯಾಕೆ ಕೆಡಿಸ್ಲಿ ಅಂತ."

"ಮಾತ್ರೆ ಏನು ತಗೊಂಡ್ರಿ?" ನರ್ಸಮ್ಮ ಕೇಳಿದಳು.

"ಮೈಕೈ ನೋವಿನ ಹಳೇ ಮಾತ್ರೆ ಮನೇಲಿತ್ತು, ಅದನ್ನೇ ನುಂಗ್ದೆ."

"ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು ಅಣ್ಣ! ಕೆಲವು ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಕಡಿಮೆಯಾಗುತ್ತೆ. ರಕ್ತ ಸೋರದ ಹಾಗೆ ತಡೆಯೋದು ಅವೇ. ಕೆಲವು ನೋವಿನ ಮಾತ್ರೆ ಆ ತಡೆಯನ್ನ ಇನ್ನೂ ಸಡಿಲ ಮಾಡುತ್ತೆ. ಅದರಲ್ಲೂ ಡೆಂಗಿ ಆಗಿದ್ರೆ ಜ್ವರ ಇಳಿಯೋ ಹೊತ್ತೇ ಅಪಾಯದ ಹೊತ್ತು. ಏಳಿ, ಆಸ್ಪತ್ರೆಗೆ ಹೋಗೋಣ."

"ಈ ನಾಲ್ಕು ಅಂಗಿ ಮುಗಿಸಿ ಸಂಜೆ..."

"ಅಂಗಿ ಹೊಲಿಯೋಕೆ ನೀವಿರ್ಬೇಕಲ್ರೀ!" ಹೆಂಡತಿ ಅವನ ಕೈಯಲ್ಲಿದ್ದ ಬಟ್ಟೆ ಕಿತ್ತುಕೊಂಡಳು. ಮರುಮಾತಿಗೆ ಎಡೆಯಿಲ್ಲದಂತೆ ತಾನೇ ಚಪ್ಪಲಿ ತಂದು ಅವನ ಕಾಲಿಗೆ ಹಾಕಿದಳು.

ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಗೊತ್ತಾಯಿತು. ಪ್ಲೇಟ್‌ಲೆಟ್ ಬಹಳ ಇಳಿದಿತ್ತು.

"ನನ್ನ ರಕ್ತ ತಗೊಳ್ಳಿ ಡಾಕ್ಟ್ರೇ, ಈಗಲೇ ಪ್ಲೇಟ್‌ಲೆಟ್ ಏರ್ಸಿ" ಎಂದು ಅವಳು ಗೋಗರೆದಳು.

"ಬರೀ ಸಂಖ್ಯೆ ನೋಡಿ ಎಲ್ಲರಿಗೂ ಏರಿಸಲ್ಲಮ್ಮ" ಎಂದರು ಡಾಕ್ಟರು. "ಈಗ ಬೇಕಿರೋದು ಅಳತೆ ನೋಡಿ ಕೊಡೋ ಡ್ರಿಪ್, ಇವರ ಮೇಲೊಂದು ಕಣ್ಣು. ರಕ್ತಸ್ರಾವ ಹೆಚ್ಚಾದ್ರೆ, ಸಂಖ್ಯೆ ತೀರಾ ಕುಸಿದ್ರೆ ನಾವೇ ಏರಿಸ್ತೀವಿ. ಸಂಜೆವರೆಗೆ ಕಾದಿದ್ರೆ ನಾನಿಷ್ಟು ಧೈರ್ಯವಾಗಿ ಮಾತಾಡ್ತಿರ್ಲಿಲ್ಲ."

ಮೂರನೆಯ ದಿನ ದರ್ಜಿ ಎದ್ದು ಕೂತು, ಹಾಸಿಗೆಯ ಬಟ್ಟೆ ಹಿಡಿದು, "ಇದ್ಯಾರು ಹೊಲ್ದಿದ್ದು? ಅಂಚೆಲ್ಲ ಸೊಟ್ಟ!" ಎಂದು ಗೊಣಗಿದ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮನೆಗೆ ಬಂದವಳೇ ಅವಳು ಹಿತ್ತಲಲ್ಲಿ ಇಸ್ತ್ರಿಗೆಂದು ಇಟ್ಟಿದ್ದ ನೀರಿನ ಬಕೆಟ್ಟು ನೋಡಿದಳು. ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. "ಹಾವಿಗೆ ಹಾಲೆರೆದ ಹಾಗಾಯ್ತಲ್ರೀ!" ಎಂದು ನೀರನ್ನು ಒಣನೆಲಕ್ಕೆ ಚೆಲ್ಲಿ, ಬಕೆಟ್ಟನ್ನು ಉಜ್ಜಿ ತೊಳೆದಳು. ದರ್ಜಿ ಅದಕ್ಕೊಂದು ಮುಚ್ಚಳ ಹುಡುಕಿ ತಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಜ್ವರ ಬಿಟ್ಟ ಮೇಲೂ ಎರಡು ಮೂರು ದಿನ ಅವರ ಮೇಲೆ ಕಣ್ಣಿರಲಿ. ಹೊಟ್ಟೆನೋವು, ಬಿಡದ ವಾಂತಿ, ಕೆಂಪು ಚುಕ್ಕೆ, ಒಸಡು ಅಥವಾ ಮೂಗಿನಲ್ಲಿ ರಕ್ತ, ತೀರಾ ಸುಸ್ತು, ಇದರಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಿ. ರೋಗಿ ತಾನಾಗಿ ಹೇಳಲಿ ಎಂದು ಕಾಯಬೇಡಿ. ನಿಮಗೆ ಗಾಬರಿಯಾದೀತೆಂದು ಅವರು ಮುಚ್ಚಿಡುತ್ತಾರೆ. ಪಕ್ಕದಲ್ಲಿ ಕೂತು ನೀವೇ ಕೇಳಿ.